ಇಪ್ಪತ್ತಾರಕ್ಕೇ ರಿಟೈರ್ಡ್

"ಹುಡುಗ ರಿಟೈರ್ಡ್" ಎಂದು ಫೋನಿನಲ್ಲಿ ಹೇಳಿದ್ದು ನನ್ನದೇ ತಪ್ಪು.

ಆ ಕಡೆ ಮಂಗಳೂರಿನಲ್ಲಿ ನನ್ನ ಅಕ್ಕ ಫ್ಲೋರಿನ್ ಮೆಲ್ಲಗೆ ಕೇಳಿದಳು, "ಪ್ರಾಯ ಎಷ್ಟು ಅವನಿಗೆ? ಮೊದಲಿನ ಹೆಂಡತಿ ತೀರಿಹೋದದ್ದಾ?"

ಅಕ್ಕನೂ ರಿಟೈರ್ಡ್. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಟೀಚರ್. (ಮನೆಯಲ್ಲಿ ನಾವು ಕೊಂಕಣಿಯವರು. ಆದರೆ ಗಂಭೀರ ವಿಷಯ ಬಂದರೆ ಅಕ್ಕ ಕನ್ನಡಕ್ಕೆ ಹೊರಳುತ್ತಾಳೆ. ಆಗ ನಮಗೆಲ್ಲ ಎದ್ದು ಬೆಂಚಿನ ಮೇಲೆ ನಿಲ್ಲಬೇಕು ಅನ್ನಿಸುತ್ತದೆ.) ಅವಳ ಪ್ರಕಾರ ರಿಟೈರ್ಡ್ ಎಂದರೆ ಅರುವತ್ತು ವರ್ಷ, ಶಾಲು, ಹಾರ, ಹಣ್ಣಿನ ಬುಟ್ಟಿ, ಮತ್ತು ಹೆಡ್‌ಮಾಸ್ಟರರ ಉದ್ದನೆಯ ಭಾಷಣ.

ಹುಡುಗನಿಗೆ ಇಪ್ಪತ್ತೊಂಬತ್ತು. ಹೆಸರು ಡೇನಿಯಲ್, ದೇಶ ಆಸ್ಟ್ರೇಲಿಯಾ. ಈಗ ಮಲೇಷ್ಯಾದಲ್ಲಿ, ನಮ್ಮ ಪೆಟಾಲಿಂಗ್ ಜಯಾದ ಒಂದು ಇಂಟರ್‌ನ್ಯಾಷನಲ್ ಸ್ಕೂಲಿನಲ್ಲಿ ಪಿ.ಟಿ. ಮಾಸ್ಟರ್. ಅದಕ್ಕೂ ಮೊದಲು ಅವರ ದೇಶದ್ದೇ ಆದ ಒಂದು ಫುಟ್‌ಬಾಲ್ ಉಂಟು, ಅದನ್ನು ಆಡುವುದೇ ಅವನ ನೌಕರಿ. ಅಕ್ಕನ ಮಗಳು ಶಾರಲ್ ನಮ್ಮ ಮನೆಯಲ್ಲಿದ್ದುಕೊಂಡು ಇಲ್ಲೇ ಆಫೀಸಿಗೆ ಹೋಗುತ್ತಾಳೆ. ಮದುವೆ ಆದರೆ ಅವನನ್ನೇ ಎಂದಳು. ಅಮ್ಮ ಒಪ್ಪದಿದ್ದರೆ ಮದುವೆಯೇ ಬೇಡ ಎಂದೂ ಸೇರಿಸಿದಳು. ಅಕ್ಕ ಟಿಕೆಟ್ ಮಾಡಿಸಿ ಬಂದೇಬಿಟ್ಟಳು.

ಕಳೆದ ಭಾನುವಾರ, ಇಗರ್ಜಿಯಲ್ಲಿ ಪೂಜೆ ಮುಗಿಸಿ, ಎಲ್‌ಆರ್‌ಟಿ ರೈಲು ಸ್ಟೇಷನ್ ಪಕ್ಕದ ಮಾಮಕ್‌ನಲ್ಲಿ, ಅಂದರೆ ಇಲ್ಲಿನ ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ಭೇಟಿ. ಮನೆಗೆ ಯಾಕೆ ಕರೆಯಲಿಲ್ಲ? ಮನೆಗೆ ಕರೆದರೆ ಕೋರಿ ರೊಟ್ಟಿ ಮಾಡಬೇಕು, ಕೋರಿ ರೊಟ್ಟಿ ಮಾಡಿದರೆ ಒಪ್ಪಿಗೆ ಕೊಟ್ಟ ಹಾಗೆ. ಮಾಮಕ್‌ನಲ್ಲಿ ಆ ತೊಂದರೆಯಿಲ್ಲ. ಮಾತು ಕೆಟ್ಟರೆ ಉಳಿದದ್ದನ್ನು ತಪಾವ್ ಹೇಳಿ, ಕಟ್ಟಿಸಿಕೊಂಡು ಎದ್ದು ಹೋಗಬಹುದು.

ನನಗೆ ಕೊಟ್ಟ ಹುದ್ದೆ ದುಭಾಷಿಯದು. ಅಕ್ಕನಿಗೆ ಇಂಗ್ಲಿಷ್ ಬರುತ್ತದೆ, ಡೇನಿಯಲ್‌ನ ಇಂಗ್ಲಿಷ್ ಬರುವುದಿಲ್ಲ. ಅವನು ಬಾಯಿಯನ್ನು ಪೂರ್ತಿ ತೆರೆಯದೆ ಮಾತಾಡುತ್ತಾನೆ. ಶಾರಲ್ ಈ ಕೆಲಸ ಮಾಡಬಹುದಿತ್ತು. ಅವಳು ಅವನ ಕಡೆಯವಳು ಎಂದು ಅಕ್ಕ ತಳ್ಳಿಹಾಕಿದಳು.

ಅಕ್ಕ ಟೆ ತಾರಿಕ್ ಚಹಾ ಒಂದು ಗುಟುಕು ಕುಡಿದು, ಗ್ಲಾಸು ಪಕ್ಕಕ್ಕಿಟ್ಟು, ಶುರುಮಾಡಿದಳು. "ಮಾರ್ಕ್ಸ್ ಎಷ್ಟು ಕೇಳು."

ಕೇಳಿದೆ. ಡೇನಿಯಲ್‌ನ ಮುಖ ಅರಳಿತು. ಒಳ್ಳೆಯ ದಿನವಾದರೆ ಹನ್ನೊಂದು ಅಂದ.

"ಹನ್ನೊಂದಾ? ಎಷ್ಟಕ್ಕೆ?"

ಎಷ್ಟಕ್ಕೂ ಅಲ್ಲ. ಅವರ ಆಟದಲ್ಲಿ ದೂರದಿಂದ ಒದ್ದ ಚೆಂಡನ್ನು ನೆಲಕ್ಕೆ ಬೀಳುವ ಮೊದಲೇ ಹಿಡಿದರೆ ಅದಕ್ಕೆ ಮಾರ್ಕ್ ಎನ್ನುತ್ತಾರೆ. ಒಂದು ಮ್ಯಾಚಿನಲ್ಲಿ ಹನ್ನೊಂದು ಹಿಡಿಯುವುದು ದೊಡ್ಡ ವಿಷಯವಂತೆ. ಫುಟ್‌ಬಾಲಿನಲ್ಲಿ ಕೈಯಿಂದ ಹಿಡಿಯುವುದು ಎಂತಕ್ಕೆ ಎಂದು ಅಕ್ಕ ಕೇಳಿದಳು. ಡೇನಿಯಲ್ ಮೇಜಿನ ಮೇಲೆ ಬೆರಳಿನಲ್ಲಿ ಮೈದಾನ ಬರೆದು ತೋರಿಸಿದ. ಮೈದಾನ ಮೊಟ್ಟೆಯಾಕಾರ, ಚೆಂಡೂ ಮೊಟ್ಟೆಯಾಕಾರ, ಒಂದೊಂದು ಕಡೆಗೆ ಹದಿನೆಂಟು ಜನ, ಹೆಲ್ಮೆಟ್ ಇಲ್ಲ, ಪ್ಯಾಡ್ ಇಲ್ಲ.

"ಪೆಟ್ಟಾಗುವುದಿಲ್ವಾ?"

"ಆಗುತ್ತದೆ" ಎಂದ, ಹವಾಮಾನ ಹೇಳುವವರ ಹಾಗೆ.

ಹದಿನೆಂಟು ವರ್ಷಕ್ಕೆ ಕ್ಲಬ್ಬಿನವರು ಆರಿಸಿದರು. ಹುಡುಗ ಪುಸ್ತಕ ಮುಚ್ಚಿಟ್ಟು ಹೊರಟ. ಎಂಟು ವರ್ಷ ದಿನಾ ಬೆಳಿಗ್ಗೆ ಓಟ, ಜಿಮ್, ಐಸ್ ತುಂಬಿದ ಟಬ್ಬು, ಎರಡನೇ ಟೀಮಿನ ಮ್ಯಾಚು, ಒಂದೇ ಮೊಣಕಾಲಿಗೆ ಮೂರು ಆಪರೇಷನ್. ದೊಡ್ಡ ಟೀಮಿಗೆ ಆಡಿದ್ದು ನಲವತ್ತೊಂದು ಮ್ಯಾಚು.

ಅಕ್ಕ ಮನಸ್ಸಿನಲ್ಲೇ ಭಾಗಿಸಿದಳು. "ಎಂಟು ವರ್ಷದಲ್ಲಿ ನಲವತ್ತೊಂದು ದಿನ ಕೆಲಸವಾ? ನಮ್ಮ ಶಾಲೆಯಲ್ಲಿ ಹೀಗೆ ಮಾಡಿದ್ರೆ ಡಿಡಿಪಿಐ ಜೀಪು ಬರ್ತದೆ."

"ಚಿಕ್ಕಮ್ಮ, ಅದನ್ನು ಟ್ರಾನ್ಸ್‌ಲೇಟ್ ಮಾಡ್ಬೇಡಿ, ಪ್ಲೀಸ್" ಎಂದಳು ಶಾರಲ್. ಮಾಡಲಿಲ್ಲ. ನಿಮ್ಮ ಶ್ರಮ ಕೇಳಿ ಅಕ್ಕನಿಗೆ ಆಶ್ಚರ್ಯವಾಗಿದೆ ಎಂದೆ. ದುಭಾಷಿಯ ಮೊದಲ ಸುಳ್ಳು ಹೀಗೆ ಬಲು ಸಲೀಸಾಗಿ ಬರುತ್ತದೆ.

ಮುಂದಿನ ಪ್ರಶ್ನೆ ಬಂತು. "ಇಪ್ಪತ್ತಾರಕ್ಕೇ ಯಾಕೆ ಬಿಟ್ಟದ್ದು ಕೇಳು."

ಡೇನಿಯಲ್ ರೋಟಿ ಚನಾಯ್ ಚೂರನ್ನು ಪ್ಲೇಟಿನಲ್ಲಿಟ್ಟ. ಬಿಡಲಿಲ್ಲ, ಅವರೇ ನನ್ನನ್ನು ಡೀಲಿಸ್ಟ್ ಮಾಡಿದರು ಎಂದ.

ನಾನು ಶಾರಲ್ ಮುಖ ನೋಡಿದೆ. ಅವಳು ಮೇಜು ನೋಡುತ್ತಿದ್ದಳು. ಕೆಲಸದಿಂದ ತೆಗೆದುಹಾಕಿದ ಹುಡುಗನಿಗೆ ನಮ್ಮವರು ಹೆಣ್ಣು ಕೊಡುತ್ತಾರಾ? ನೀವೇ ಹೇಳಿ. "ಮೊಣಕಾಲು ನೋವಂತೆ" ಎಂದೆ ಅಕ್ಕನಿಗೆ. "ಸಾಕು ಅನ್ನಿಸಿ ಅವನೇ ಬಿಟ್ಟದ್ದಂತೆ."

ಅಕ್ಕ ನನ್ನನ್ನು ನೋಡಿದಳು. "ಅವನು ಲಿಸ್ಟ್ ಅಂದ. ನೀನು ಲಿಸ್ಟ್ ಅನ್ಲಿಲ್ಲ."

ಮೂವತ್ತು ವರ್ಷ ಹಾಜರಿ ಕರೆದವಳು. ಅವಳ ಕಿವಿಗೆ ಬೇರೆ ಯಾವ ಶಬ್ದ ತಪ್ಪಿದರೂ ಲಿಸ್ಟ್ ತಪ್ಪುವುದಿಲ್ಲ.

ಡೇನಿಯಲ್‌ಗೆ ಭಾಷೆ ಅರ್ಥವಾಗಲಿಲ್ಲ, ನನ್ನ ಮುಖ ಅರ್ಥವಾಯಿತು. ಆಂಟಿ, ನಾನು ಹೇಳಿದ್ದನ್ನೇ ಹೇಳಿ ಎಂದ. ಸಿಟ್ಟಿನಲ್ಲಿ ಅಲ್ಲ. ನನಗೆ ನಾಚಿಕೆಯಾಯಿತು.

ಹೇಳಿದೆ. ಅವನು ಮುಂದುವರಿಸಿದ್ದನ್ನೂ ಹಾಗೆಯೇ ಹೇಳಿದೆ. ಸೀಸನ್ ಮುಗಿದ ಮೇಲೆ ಒಂದು ರೂಮಿಗೆ ಕರೆದರಂತೆ. ಕೋಚ್ ಇದ್ದರು, ಮ್ಯಾನೇಜರ್ ಇದ್ದರು, ಮೇಜಿನ ಮೇಲೆ ಒಂದು ಬಾಟಲಿ ನೀರು. ಮುಂದಿನ ವರ್ಷದ ಲಿಸ್ಟಿನಲ್ಲಿ ನಿನ್ನ ಹೆಸರಿಲ್ಲ ಎಂದರು. ಹತ್ತು ನಿಮಿಷ ಕೂಡ ಆಗಲಿಲ್ಲ. ಬೇಕಿದ್ದರೆ ಪೇಪರಿಗೆ ನಿವೃತ್ತಿ ಎಂದು ಕೊಡುತ್ತೇವೆ ಎಂದರಂತೆ. ಇವನು ಬೇಡ ಎಂದನಂತೆ. (ರಿಟೈರ್ಡ್ ಎನ್ನುವ ಶಬ್ದ ಶಾರಲ್‌ದು. ಅದಕ್ಕೆ ಪ್ರಚಾರ ಕೊಟ್ಟದ್ದು ನಾನು.)

"ಮತ್ತೆ? ಮೊದಲು ಯಾರಿಗೆ ಹೇಳಿದ?" ಅಕ್ಕ ಕೇಳಿದಳು.

ಅಮ್ಮನಿಗಂತೆ. ಪಾರ್ಕಿಂಗ್‌ನಲ್ಲಿ ಕಾರಿನೊಳಗೆ ಕೂತು ಫೋನ್ ಮಾಡಿದನಂತೆ. ತುಂಬ ಅತ್ತೆ ಎಂದೂ ಹೇಳಿದ. ಅದನ್ನೂ ಅನುವಾದಿಸಿದೆ.

ಪಕ್ಕದ ಟೇಬಲಿನವರು ಬಿಲ್ ಕೊಟ್ಟು ಎದ್ದರು, ಬೇರೆಯವರು ಬಂದು ಕೂತರು.

ಇಲ್ಲಿ ನನ್ನ ಬಾವನ ವಿಷಯ ಹೇಳಬೇಕು. ಬಾವ ಎಂದರೆ ಅಕ್ಕನ ಗಂಡ, ತೀರಿಕೊಂಡು ನಾಲ್ಕು ವರ್ಷ. ಗಲ್ಫ್‌ನಲ್ಲಿ ಇದ್ದವರು ಒಂದು ದಿನ ಪೆಟ್ಟಿಗೆ ಕಟ್ಟಿಕೊಂಡು ಊರಿಗೆ ಬಂದರು. ಅಲ್ಲಿನ ಸೆಕೆ ಆಗುವುದಿಲ್ಲ, ರಿಸೈನ್ ಮಾಡಿದೆ ಎಂದರು. ಹದಿನಾಲ್ಕು ವರ್ಷ ಆಗಿದ್ದ ಸೆಕೆ ಒಮ್ಮೆಲೇ ಯಾಕೆ ಆಗಲಿಲ್ಲ, ಅದೂ ಮಂಗಳೂರಿನವರಿಗೆ, ಎಂದು ನಾವು ಯಾರೂ ಕೇಳಲಿಲ್ಲ. ನಮ್ಮ ಮನೆಯಲ್ಲಿ ಅದು ಒಪ್ಪಿತವಾದ ಚರಿತ್ರೆ.

"ಸೆಕೆಯೂ ಇಲ್ಲ, ಎಂತದೂ ಇಲ್ಲ" ಎಂದಳು ಅಕ್ಕ. "ಒಂದು ಬೆಳಿಗ್ಗೆ ಡ್ಯೂಟಿಗೆ ಹೋದ್ರೆ ಗೇಟಿನಲ್ಲಿ ಹೆಸರಿಲ್ಲ ಅಂದದ್ದು. ಅಲ್ಲಿಂದಲೇ ಕಾಗದ ಕೊಟ್ಟು ಕಳಿಸಿದ್ದು. ಆ ಕಾಗದ ಅವರು ಹೋದ ಮೇಲೆ ಸೂಟ್‌ಕೇಸಿನಲ್ಲಿ ಸಿಕ್ಕಿತು ನನಗೆ."

"ಮಮ್ಮಿ?" ಎಂದಳು ಶಾರಲ್.

"ನನ್ನ ಹತ್ತಿರ ಕೂಡ ಹೇಳ್ಲಿಲ್ಲ ಮಾರಾಯ್ತಿ. ಹತ್ತೊಂಬತ್ತು ವರ್ಷ ಸೆಕೆ, ಸೆಕೆ ಅಂದರು. ನಾನು ಪೆದ್ದಿ, ದಿನಾ ಎಳನೀರು ತರಿಸಿ ಕೊಟ್ಟೆ. ಕುಡಿದರು, ಪಾಪ. ಒಬ್ಬರೇ ಹೇಗೆ ಇಟ್ಟುಕೊಂಡಿದ್ರೋ ಅದನ್ನು."

ಶಾರಲ್ ಅಳತೊಡಗಿದಳು. ನನಗೂ ಕಣ್ಣು ತುಂಬಿತು. ಡೇನಿಯಲ್ ಏನಾಯಿತು ಎಂದು ಕೇಳಿದ. ಈ ಸಲ ನಾನು ಒಂದು ಶಬ್ದವನ್ನೂ ಬಿಡದೆ ಹೇಳಿದೆ, ಎಳನೀರು ಸಮೇತ.

ಅವನು ಸಾರಿ ಎನ್ನಲಿಲ್ಲ. ಅಕ್ಕನನ್ನೇ ನೋಡಿ, ಅವರ ಕೆಲಸ ಏನಿತ್ತು ಎಂದು ಕೇಳಿದ. ಕ್ರೇನ್ ಆಪರೇಟರ್ ಎಂದಳು ಅಕ್ಕ. ಒಳ್ಳೆಯ ಆಪರೇಟರಾ ಎಂದ. "ಇಡೀ ಸೈಟಿನಲ್ಲೇ ಅವರಷ್ಟು ನಾಜೂಕು ಕೈ ಯಾರದ್ದೂ ಇರ್ಲಿಲ್ಲ" ಎಂದಳು. ಬಾವ ಹೋದ ಮೇಲೆ ಅವರ ಕೆಲಸದ ಬಗ್ಗೆ ಅಕ್ಕ ಇಷ್ಟು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

ಆಮೇಲೆ ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡು ತೀರ್ಪು ಕೊಟ್ಟಳು. "ಇವನು ಆದೀತು. ಕೇಳಿದ ಕೂಡ್ಲೇ ಹೇಳ್ತಾನೆ. ಶಾರಲ್‌ಗೆ ಸೂಟ್‌ಕೇಸ್ ಹುಡುಕುವ ಕೆಲಸ ಇರುವುದಿಲ್ಲ." ಮದುವೆ ಮಾತ್ರ ಊರಿನಲ್ಲೇ ಆಗಬೇಕು, ಅದರಲ್ಲಿ ಚರ್ಚೆಯಿಲ್ಲ.

ನೀವು ಗಮನಿಸಿದ್ದೀರಾ? ನಮ್ಮವರಲ್ಲಿ ಯಾರನ್ನೂ ಯಾವತ್ತೂ ಕೆಲಸದಿಂದ ತೆಗೆದದ್ದೇ ಇಲ್ಲ. ಎಲ್ಲರೂ ತಾವಾಗಿಯೇ ಬಿಡುತ್ತಾರೆ. ಒಬ್ಬರಿಗೆ ಸೆಕೆ, ಒಬ್ಬರಿಗೆ ಮಗಳ ಪರೀಕ್ಷೆ, ಇನ್ನೊಬ್ಬರಿಗೆ ಸ್ವಂತ ಏನೋ ಶುರುಮಾಡುವ ಪ್ಲಾನ್. ಪೆನಾಂಗಿನಲ್ಲಿರುವ ನಮ್ಮ ಪರಿಚಯದ ಇಂಜಿನಿಯರ್ ಒಬ್ಬರು ಮೂರು ತಿಂಗಳು ಕುತ್ತಿಗೆಗೆ ಹಳೆಯ ಐಡಿ ಕಾರ್ಡ್ ಹಾಕಿಕೊಂಡು ಮನೆಯಿಂದ ಹೊರಟು, ಮಾಲ್‌ನಲ್ಲಿ ಕೂತು ಸಂಜೆ ವಾಪಸಾಗುತ್ತಿದ್ದರು. ಹೆಂಡತಿ ದಿನಾ ಟಿಫಿನ್ ಕಟ್ಟಿಕೊಡುತ್ತಿದ್ದರು. ಸಾವಿರಾರು ಜನರ ಮುಂದೆ ಆಡಿದ ಹುಡುಗನಿಗೆ ಹೇಳಲು ಬಂದ ಎರಡು ವಾಕ್ಯ ನಮಗೆ ಅಡುಗೆಮನೆಯಲ್ಲಿ ಹೇಳಲು ಬರುವುದಿಲ್ಲ.

ಇರಲಿ. ಬರೆಯಲು ಸಮಯ ಬೇಕೆಂದು ಆಫೀಸಿನ ಕೆಲಸವನ್ನು ನಾನಾಗಿಯೇ ಬಿಟ್ಟೆ ಎಂದು ಕಳೆದ ವರ್ಷ ಇದೇ ಅಂಕಣದಲ್ಲಿ ಬರೆದಿದ್ದೆನಲ್ಲ, ನೀವು ಅದನ್ನು ನಂಬಿದಿರಾ?