ಮುಖ ಮಾರುವುದನ್ನು ಬಿಟ್ಟ ಅಹಲ್ಯಾ

ಬೆಳಗಿನ ಐದೂವರೆ. ಕೋಲ್ಕತ್ತದ ಸಿಯಾಲ್ದಾ ರೈಲು ನಿಲ್ದಾಣದ ಪಕ್ಕದ ಸಂತೆಯಲ್ಲಿ, ಲೋಕಲ್ ರೈಲಿನಿಂದ ಈಗಷ್ಟೇ ಇಳಿದ ಹೂಕೋಸಿನ ಬುಟ್ಟಿಗಳ ನಡುವೆ ಅಹಲ್ಯಾ ಮಂಡಿಯೂರಿ ಕುಳಿತಿದ್ದಾರೆ. ಅವರು ಫೋಟೋ ತೆಗೆಯುತ್ತಿರುವುದು ಬದನೆಕಾಯಿ ಜೋಡಿಸುತ್ತಿರುವ ಮುದುಕನೊಬ್ಬನ ಎರಡು ಕೈಗಳನ್ನು ಮಾತ್ರ. ಆ ಮುದುಕ ನಗುತ್ತಾ ಮುಖವನ್ನೂ ಮುಂದೆ ತಂದರೆ, ಇವರು ಮೆಲ್ಲಗೆ ಕ್ಯಾಮೆರಾ ಇಳಿಸುತ್ತಾರೆ.

ಅಹಲ್ಯಾ ಧಾರವಾಡದವರು. ರೈಲ್ವೆ ನೌಕರ ಶಂಕರಲಿಂಗ ಅವರ ಕೈಹಿಡಿದು ಕೋಲ್ಕತ್ತಕ್ಕೆ ಬಂದು ಇಪ್ಪತ್ತೆರಡು ವರ್ಷವಾಯಿತು, ವಾಸ ಬಾಲಿಗಂಜ್‌ನಲ್ಲಿ. ೨೦೦೪ರಲ್ಲಿ ಡಿಜಿಟಲ್ ಕ್ಯಾಮೆರಾ ಕೊಂಡು, ಇಂಟರ್ನೆಟ್‌ನಲ್ಲಿ ಚಿತ್ರ ಮಾರುವ ವಿದೇಶಿ ಏಜೆನ್ಸಿಯೊಂದಕ್ಕೆ ಕಳಿಸತೊಡಗಿದರು. ಪತ್ರಿಕೆಯವರು, ಜಾಹೀರಾತಿನವರು ಬೇಕಾದ್ದನ್ನು ಅಲ್ಲಿಂದ ಕೊಳ್ಳುತ್ತಾರೆ. ತೆಗೆದವರ ಹೆಸರು ಯಾರ ಕಣ್ಣಿಗೂ ಬೀಳುವುದಿಲ್ಲ. ದಿನಕ್ಕೆ ಇನ್ನೂರು ಕ್ಲಿಕ್, ಕಳಿಸುವುದು ಹತ್ತು, ಏಜೆನ್ಸಿ ಒಪ್ಪುವುದು ಮೂರೋ ನಾಲ್ಕೋ.

ಎಲ್ಲಕ್ಕಿಂತ ಹೆಚ್ಚು ಮಾರಾಟವಾದದ್ದು ಪಾರುಲ್‌ಳ ಮುಖ. ಇದೇ ಸಂತೆಯಲ್ಲಿ ಸೊಪ್ಪು ಮಾರುವ ವಿಧವೆ ಅವಳು. ಚಿತ್ರವನ್ನು ಕೊಂಡವರು ಯಾತಕ್ಕಾದರೂ ಬಳಸಬಹುದು ಎಂಬ ಏಜೆನ್ಸಿಯ ಇಂಗ್ಲಿಷ್ ಒಪ್ಪಿಗೆಪತ್ರಕ್ಕೆ ಹೆಬ್ಬೆಟ್ಟು ಒತ್ತಿದ್ದಳು. ೨೦೦೬ರ ಚಳಿಗಾಲದಲ್ಲಿ ಅದೇ ಮುಖ ಸಂತೆಯ ಗೋಡೆಗಳ ಮೇಲೆ ಬಂತು, ಕ್ಷಯರೋಗದ ಪೋಸ್ಟರ್ ಆಗಿ. ಗಿರಾಕಿಗಳು ಅವಳ ಸೊಪ್ಪು ಮುಟ್ಟದಾದರು.

"ದಿದಿ, ನನಗೆ ಇಲ್ಲದ ಕಾಯಿಲೇನ ಗೋಡೆ ಮೇಲೆ ಯಾಕೆ ಹಚ್ಚಿದಾರೆ?" ಎಂದು ಪಾರುಲ್ ಕೇಳಿದಳು.

ಅದನ್ನು ನೆನೆದು ಅಹಲ್ಯಾ ಹೇಳುತ್ತಾರೆ: "ಆಕಿ ಹೆಬ್ಬೆಟ್ಟು ಒತ್ತಿದ್ದು ಕಾಗದ ನೋಡಿ ಅಲ್ಲ, ನನ್ನ ಮಾರಿ ನೋಡಿ."

ಪೋಸ್ಟರ್ ಹಚ್ಚಿದ ಸಂಸ್ಥೆಯವರು, ಚಿತ್ರ ಕಾನೂನು ಪ್ರಕಾರವೇ ಕೊಂಡಿದ್ದೇವೆ ಎಂದರು. ಅಹಲ್ಯಾ ಪತ್ರದ ಮೇಲೆ ಪತ್ರ ಬರೆದರು. ಏಜೆನ್ಸಿ ಚಿತ್ರ ತೆಗೆದುಹಾಕಿತು. ಗೋಡೆಯ ಪೋಸ್ಟರ್‌ಗಳು ಹಾಗೇ ಉಳಿದವು. ಆಮೇಲೆ ಅವರು ಕ್ಯಾಮೆರಾ ಮನೆಯಲ್ಲಿಟ್ಟು, ಒಂದು ತಿಂಗಳು ಪ್ರತಿ ಬೆಳಿಗ್ಗೆ ಪಾರುಲ್ ಪಕ್ಕ ಚಾಪೆ ಹಾಸಿ ಕುಳಿತರು. ಮೂಗು ಮುರಿದವರಿಗೆಲ್ಲ ತಮ್ಮ ಹರಕುಮುರುಕು ಬಂಗಾಳಿಯಲ್ಲಿ ಒಂದೇ ಮಾತು: ಫೋಟೋ ತೆಗೆದವಳು ನಾನು, ಇವಳಿಗೆ ಏನೂ ಆಗಿಲ್ಲ. ಎಲ್ಲರೂ ನಂಬಲಿಲ್ಲ. ಅರ್ಧದಷ್ಟು ಗಿರಾಕಿಗಳು ಮರಳಿದರು, ಉಳಿದವರು ಇವತ್ತಿಗೂ ಬಂದಿಲ್ಲ.

ಆ ತಿಂಗಳು ಮುಗಿಯುವಷ್ಟರಲ್ಲಿ ಏಜೆನ್ಸಿಯಿಂದ ಮುಖಗಳಿದ್ದ ನಾನೂರ ಹನ್ನೆರಡು ಚಿತ್ರಗಳನ್ನು ಅಹಲ್ಯಾ ಹಿಂದಕ್ಕೆ ಪಡೆದರು. ಹೆಚ್ಚು ಮಾರಾಟವಾಗುತ್ತಿದ್ದವು ಅವೇ. ಶಂಕರಲಿಂಗ ಬೇಡ ಎನ್ನಲಿಲ್ಲ. ಹೆಂಡತಿಯ ಪಕ್ಕ ಕುಳಿತು ಒಂದೊಂದಾಗಿ ಎಣಿಸಿಕೊಟ್ಟರು.

ಪಾರುಲ್ ಕ್ಷಮಿಸಿದಳೇ? ಅಹಲ್ಯಾ ಕ್ಯಾಮೆರಾವನ್ನು ಚೀಲಕ್ಕೆ ಹಾಕುತ್ತಾ ಉತ್ತರಿಸುತ್ತಾರೆ.

"ಕೇಳಿಲ್ರೀ. ಕೇಳೂ ಧೈರ್ಯ ಇಲ್ಲ. ಆದ್ರ ಹೋದ ವಾರ ಬಂದು, ತನ್ನ ಮಗಳ ಮದುವಿಗೆ ಬಾ ಅಂತ ಕರದಾಳ. ಕ್ಯಾಮೆರಾ ತರಲೇನು ಅಂದೆ. 'ಬ್ಯಾಡ ದಿದಿ, ನೀ ಊಟಕ್ಕ ಬಾ' ಅಂದ್ಲು. ಹೋಗಿ ಹೊಟ್ಟಿ ತುಂಬ ಉಂಡು ಬರ್ತೀನಿ. ಅಷ್ಟ ಸಾಕು ನನಗ."