ಕೆಂಪು ಬಾರ್ನ್ ಎದುರಿನ ಬಿಳಿ ಚರ್ಚು

ಹೋದ ವಾರ ಡೆಂಟನ್ ಊರು ದಾಟುವಾಗ ಮುಂದಿನ ಟ್ರಕ್ಕಿನ ತುಂಬ ಒಣಹುಲ್ಲಿನ ಸುರುಳಿಗಳಿದ್ದವು. ಕಿಟಕಿ ಇಳಿಸಿದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನೆರೆಮನೆಯ ಆಂಟಿ ನನ್ನ ಪಕ್ಕದಲ್ಲೇ ಕೂತಿದ್ದಾರೆ ಅನ್ನಿಸಿಬಿಟ್ಟಿತು...

ಈ ಪರದೇಶದ ಫ್ಲವರ್ ಮೌಂಡ್ ಊರಿನಲ್ಲಿ ನಮಗೂ ಅವರಿಗೂ ನಡುವೆ ಒಂದು ಬೇಲಿ ಮಾತ್ರ. ಧಾರವಾಡದವರು. ಒಬ್ಬಳೇ ಮಗಳು ಇಲ್ಲಿಯ ಹುಡುಗನನ್ನು ಮೆಚ್ಚಿದಾಗ ಅಂಕಲ್ "ನಮಗ ಮಗಳೇ ಇಲ್ಲ" ಅಂದುಬಿಟ್ಟರು. ಮದುವೆಯ ವಿಷಯ ತಿಳಿಸಿ ಅವಳು ಕಳಿಸಿದ ಮೆಸೇಜನ್ನು ಆಂಟಿ ಪೂರ್ತಿ ಓದುವ ಮೊದಲೇ ಫೋನು ಕಿತ್ತುಕೊಂಡು, ಅವಳ ನಂಬರಿನ ಸಮೇತ ಅಳಿಸಿಹಾಕಿದರು.

ಮೇ ತಿಂಗಳ ಒಂದು ಶನಿವಾರ. ಅಂಕಲ್ ಊರಲ್ಲಿರಲಿಲ್ಲ. ಆಂಟಿ ಇಳಕಲ್ ಸೀರೆಯುಟ್ಟು, ಸ್ಟೀಲ್ ಡಬ್ಬಿಯೊಂದನ್ನು ಎದೆಗವಚಿಕೊಂಡು ನಮ್ಮ ಬಾಗಿಲಲ್ಲಿ ನಿಂತಿದ್ದರು.

"ತಂಗಿ, ಇವತ್ತ ಹನ್ನೊಂದಕ್ಕ ಮಗಳ ಮದುವಿ. ನನ್ನ ಕರಕೊಂಡು ಹೋಗ್ತೀಯೇನವಾ?"

"ಎಲ್ಲಿ ಆಂಟಿ?"

"ಊರ ಹೆಸರು ಗೊತ್ತಿಲ್ಲ. ಆ ಮೆಸೇಜಿನ್ಯಾಗ ದಿನ, ಹೊತ್ತು, ಒಂದು ಫೋಟೋ ಅಷ್ಟೇ ನೋಡೀನಿ. ಹಳೇ ಬಿಳೀ ಚರ್ಚು, ಎದುರಿಗೆ ಕೆಂಪು ಬಾರ್ನು, ಹುಲ್ಲು ಒಟ್ಟೋ ದೊಡ್ಡ ಕೊಟ್ಟಿಗಿ. ಡೆಂಟನ್ ಆಚೆ ಎಲ್ಲೋ..."

ಹೊಲಗದ್ದೆ ನೋಡಲೆಂದೇ ಜನ ನಿಧಾನವಾಗಿ ಡ್ರೈವ್ ಮಾಡುವ ಹಳ್ಳಿಯ ದಾರಿಗಳವು. ನಾವು ಹುಚ್ಚರಂತೆ ಓಡಿಸಿದೆವು, ತೆರೆದ ಕಿಟಕಿಯ ತುಂಬ ಒಣಹುಲ್ಲಿನ ವಾಸನೆ. ಮೊದಲು ಸಿಕ್ಕಿದ್ದು ಕಲ್ಲಿನ ಚರ್ಚು. ಅದಲ್ಲ. ಆಮೇಲೊಂದು ಬಿಳಿಯದು; ಆದರೆ ಎದುರಿನ ಬಾರ್ನು ಬಣ್ಣ ಕಳೆದುಕೊಂಡು ಒಂದು ಪಕ್ಕಕ್ಕೆ ವಾಲಿತ್ತು. ದೂರದಲ್ಲಿ ಗೋಪುರದ ತುದಿ ಕಂಡಾಗೆಲ್ಲ ಆಂಟಿ ಸೀಟಿನಿಂದ ಅರ್ಧ ಏಳುತ್ತಿದ್ದರು. ಇನ್ನೊಂದು ಚರ್ಚಿಗೆ ಬೀಗ. ಆಂಟಿ ಆ ಮರದ ಬಾಗಿಲನ್ನು ಎರಡೂ ಕೈಯಿಂದ ಬಡಿದರು, ಮಗಳ ಹೆಸರು ಹಿಡಿದು ಕೂಗಿದರು. ಪಕ್ಕದ ಸ್ಮಶಾನದಲ್ಲಿ ಹುಲ್ಲು ಕತ್ತರಿಸುತ್ತಿದ್ದ ಮುದುಕ ಗಾಬರಿಯಿಂದ ಓಡಿಬಂದ. ವಿಷಯ ಕೇಳಿ, ಇದೇ ರಸ್ತೆಯಲ್ಲಿ ಮುಂದೆ ಹೋಗಿ ಎಂದ.

ಕೆಂಪು ಬಾರ್ನು ಕಂಡಾಗ ಹನ್ನೆರಡು ದಾಟಿತ್ತು.

ಹುಡುಗರಿಬ್ಬರು ಬಿಳಿ ಕುರ್ಚಿಗಳನ್ನು ಮಡಚುತ್ತಿದ್ದರು. ಮದುಮಕ್ಕಳು ಈಗಷ್ಟೇ ಹೊರಟರಂತೆ. ಆಂಟಿ ಮೆಟ್ಟಿಲು ಹತ್ತಿ, ಡಬ್ಬಿ ತೆರೆದು, ಅಕ್ಷತೆಯನ್ನೆಲ್ಲ ಬೊಗಸೆಯಲ್ಲಿ ತುಂಬಿಕೊಂಡು ಖಾಲಿ ಬಾಗಿಲಿನೊಳಗೆ ಎರಚಿದರು. ಆಮೇಲೆ ಅಲ್ಲೇ ಕುಸಿದು ಕೂತರು. ಹುಡುಗರು ಕುರ್ಚಿ ಮಡಚುವುದನ್ನು ನಿಲ್ಲಿಸಿ ನೆಲ ನೋಡುತ್ತಾ ನಿಂತರು.

"ಆಕಿ ಎಂದಾರ ಸಿಕ್ರ ಹೇಳು," ಅಂದರು ಆಂಟಿ, ವಾಪಸು ಬರುವ ದಾರಿಯಲ್ಲಿ. "ಅವ್ವ ಬಂದಿದ್ಲು ಅಂತ."

ಅವಳು ಸಿಕ್ಕಿದ್ದು ಆ ಚಳಿಗಾಲದಲ್ಲಿ, ಅಂತ್ಯಕ್ರಿಯೆಗೆ ಮುನ್ನ ಆಂಟಿಯನ್ನು ಮಲಗಿಸಿದ್ದ ಫ್ಯೂನರಲ್ ಹೋಮಿನ ಹಿಂದಿನ ಸಾಲಿನಲ್ಲಿ. ಹೃದಯ ನಿದ್ದೆಯಲ್ಲೇ ನಿಂತಿತ್ತಂತೆ. ನಾನು ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಸದಾ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದ ಹುಡುಗಿ ತಡವರಿಸುತ್ತಾ ಕನ್ನಡದಲ್ಲಿ ಅಂದಳು:

"ನಾನು ವೇಟ್ ಮಾಡ್ದೆ. ಎಲ್ರನ್ನೂ ವೇಟ್ ಮಾಡಿಸ್ದೆ. ಆಮೇಲೆ... ಅವ್ವ ಬರಲ್ಲ ಅಂದ್ಕೊಂಡೆ."

ಈಗ ಬೇಲಿಯಾಚೆ ಬೇರೆಯವರಿದ್ದಾರೆ. ಒಳ್ಳೆಯ ಜನವೇ. ಆದರೂ ಶನಿವಾರದ ಬೆಳಿಗ್ಗೆ ಕಾಲಿಂಗ್ ಬೆಲ್ ಸದ್ದಾದರೆ ನನ್ನ ಕೈ ತಾನಾಗಿ ಕಾರಿನ ಕೀ ಕಡೆಗೆ ಹೋಗುತ್ತದೆ. ಬಾಗಿಲು ತೆಗೆದರೆ, ಅಲ್ಲಿ ಯಾರೋ ಬೇರೆ.