ಜೀಪಿಗೆ ಹವಾ ಮಷೀನು ಕೂಡಿಸಿದ್ದು

ನಮ್ಮಪ್ಪನಿಗೆ ಬಲಗೈ ಭುಜದ ಮೇಲೆ ಎತ್ತಲು ಬರುತ್ತಿರಲಿಲ್ಲ ಎಂಬ ಮಾತು ನನ್ನ ಆ ವರ್ಷದ ದಿನಚರಿಯಲ್ಲಿ ಎಲ್ಲಿಯೂ ಇಲ್ಲ. ಬರೆಯಬೇಡ ಎಂದು ಯಾರೂ ಹೇಳಿರಲಿಲ್ಲ. ನಾನೇ ಬರೆದಿಲ್ಲ. ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಅದು. ನಾನು ಹೈದರಾಬಾದಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಏನನ್ನು ಬರೆದಿಡಬೇಕು, ಏನನ್ನು ಬಿಡಬೇಕು ಎಂಬ ಜಾಣತನ ಆಗಲೇ ಬಂದಿತ್ತೆಂದು ಕಾಣುತ್ತದೆ. ಹೀಗಾಗಿ ಇಲ್ಲಿರುವುದರಲ್ಲಿ ಅರ್ಧ ದಿನಚರಿಯದು, ಅರ್ಧ ನೆನಪಿನದು. ಎರಡನ್ನೂ ನಾನು ಪೂರ್ತಿ ನಂಬುವುದಿಲ್ಲ.

ಅಪ್ಪ ಬೀದರಿನಲ್ಲಿ ಕುರಿ, ದನಗಳಿಗೆ ಚುಚ್ಚುಮದ್ದು ಹಾಕುವ ಸರ್ಕಾರಿ ಕಚೇರಿಯೊಂದರ ಜೀಪು ಓಡಿಸುತ್ತಿದ್ದ. ಔರಾದ ಕಡೆಯ ಎಕಂಬಾ, ಭಾಲ್ಕಿ ಕಡೆಯ ಮೆಹಕರ, ಎಲ್ಲ ಕಡೆಗೂ ಅದೊಂದೇ ಗಾಡಿ. ಆ ಬೇಸಿಗೆಯಲ್ಲಿ ಭಾಲ್ಕಿ ಸ್ಟೇಷನ್ನಿನ ಎದುರು ಎಂಜಿನ್ ಚಾಲೂ ಮಾಡಲು ಜೀಪಿನ ಹ್ಯಾಂಡಲ್ ತಿರುವುವಾಗ ಅದು ಹಿಂದಕ್ಕೆ ಒದ್ದು ಅಪ್ಪನ ಭುಜ ಸರಿದಿತ್ತು. ಎಲುಬು ಕೂಡಿಸುವವನು ಎಣ್ಣೆ ಹಚ್ಚಿ ಎಳೆದು ಕೂಡಿಸಿದ. ಅದು ಕೂಡಲಿಲ್ಲ. ಸ್ಟೇರಿಂಗ್ ಹಿಡಿಯಲು, ಗೇರ್ ಹಾಕಲು ಕೈ ಸೊಂಟದ ಮಟ್ಟಕ್ಕೆ ಎದ್ದರೆ ಸಾಕು, ಅದು ನಡೆಯುತ್ತಿತ್ತು. ನಡೆಯದೇ ಇದ್ದದ್ದು ಭುಜದ ಬಲ ಹಾಕಿ ಟೈರಿಗೆ ಗಾಳಿ ಹೊಡೆಯುವುದು.

ನಮ್ಮ ಕಡೆ ಅದು ದಿನದ ಕೆಲಸ. ಎರೆಮಣ್ಣು ಒಂದು ಮಳೆ ಕುಡಿದರೆ ಜೀಪಿನ ಟೈರಿಗೆ ಬೆಲ್ಲದ ಪಾಕದ ಹಾಗೆ ಅಂಟುತ್ತದೆ. ಹೊಲದ ದಾರಿಗೆ ಇಳಿಯುವ ಮುಂಚೆ ನಾಲ್ಕೂ ಟೈರಿನ ಗಾಳಿ ಇಳಿಸಬೇಕು. ಟೈರು ಅಗಲವಾಗಿ ಕೆಸರಿನ ಮೇಲೆ ಸಾಗುತ್ತದೆ. ಗಟ್ಟಿ ರಸ್ತೆಗೆ ಬಂದ ಮೇಲೆ ಮತ್ತೆ ನಾಲ್ಕಕ್ಕೂ ಕೈಪಂಪಿನಿಂದ ಹೊಡೆಯಬೇಕು. ರಜೆಯಲ್ಲಿ ನಾನು ಜೊತೆಗೆ ಹೋಗಿ ಹೊಡೆಯುತ್ತಿದ್ದೆ. ಕಾಲೇಜು ಶುರುವಾದರೆ ಹೊಡೆಯುವವರಿಲ್ಲ. ಆ ಜೀಪಿನಲ್ಲಿ ತಿರುಗುತ್ತಿದ್ದ ದನದ ಡಾಕ್ಟರರು ನೋಡಿಯೂ ನೋಡದವರಂತೆ ಇದ್ದರು. ಅವರು ರಾಜ್ಯ ಒಡೆದ ಮೇಲೆ ಹೈದರಾಬಾದಿನ ಕಡೆಗೇ ಉಳಿಯುವವರು, ಇಂದೋ ನಾಳೆಯೋ ಹೋಗುವವರು. ಹೊಸ ಸರ್ಕಾರ ಬಂದರೆ ಗಾಡಿಯ ಜೊತೆಗೆ ಡ್ರೈವರನನ್ನೂ ತಪಾಸಣೆ ಮಾಡುತ್ತದೆ, ಕೈಕಾಲು ನೆಟ್ಟಗಿಲ್ಲದವನನ್ನು ಮನೆಗೆ ಕಳಿಸುತ್ತದೆ ಎಂಬ ಸುದ್ದಿ ಕಚೇರಿಯ ಚಹಾದಂಗಡಿಯಲ್ಲಿತ್ತು.

ದಸರಾ ರಜೆಗೆ ನಾನು ಬಂದಾಗ ಅಪ್ಪನ ಗೆಳೆಯ, ನಾವೆಲ್ಲ ಉಸ್ತಾದ್ ಎನ್ನುತ್ತಿದ್ದ ಮೆಕ್ಯಾನಿಕ್, ಹಳೆಯ ಮಿಲಿಟರಿ ಲಾರಿಯ ಬ್ರೇಕಿಗಿದ್ದ ಗಾಳಿಯ ಕಂಪ್ರೆಸರೊಂದನ್ನು ಗುಜರಿಯಿಂದ ತಂದಿದ್ದ. ಅದನ್ನು ಜೀಪಿನ ಎಂಜಿನ್ನಿನ ಪಕ್ಕ ಕೂಡಿಸಿ, ಫ್ಯಾನಿನ ಬೆಲ್ಟಿನಿಂದಲೇ ಓಡಿಸಿ, ಸೀಟಿನ ಕೆಳಗೆ ಟ್ಯಾಂಕಿ ಇಟ್ಟು, ಅಲ್ಲಿಂದ ರಬ್ಬರ್ ಪೈಪು ಎಳೆಯುವುದು. ಎಂಜಿನ್ ಓಡಿದರೆ ಗಾಳಿ ತಾನೇ ತುಂಬುತ್ತದೆ. ಭುಜ ಬೇಕಿಲ್ಲ.

“ಕಾಲೇಜ್ ಸಾಹೇಬ್ರ, ಪುಲ್ಲಿ ಎಷ್ಟು ದೊಡ್ಡದಿರಬೇಕಂತ ನಿಮ್ಮ ಪುಸ್ತಕದಾಗ ಬರದಾರೇನ್ರಿ?” ಎಂದು ಉಸ್ತಾದ್ ಕೇಳಿದ.

“ಲೆಕ್ಕ ಹಾಕ್ತೇನಿ, ತಡೀರಿ.”

“ನೀವು ಹಾಕೂದ್ರಾಗ ಮೈಸೂರಿನವ್ರು ಬಂದು, ಚಹಾ ಕುಡದು, ಹೋಗ್ತಾರ.”

“ಹಾಕ್ಲಿ ಬಿಡು,” ಅಂದ ಅಪ್ಪ. “ಅದಕ್ಕೇ ಓದಸೀನಿ ಅಂವಗ.”

ನಾನು ಹೇಳಿದ ಅಳತೆಯ ಪುಲ್ಲಿ ಚಿಕ್ಕದಾಯಿತು. ಕಂಪ್ರೆಸರ್ ವಿಪರೀತ ವೇಗವಾಗಿ ತಿರುಗಿ ಮುಟ್ಟಲಾಗದಷ್ಟು ಬಿಸಿಯಾಯಿತು. ಉಸ್ತಾದ್ ಅದರ ಒಂದೂವರೆ ಪಟ್ಟು ದೊಡ್ಡದನ್ನು ಹಾಕಿದ. ಕಂಪ್ರೆಸರನ್ನು ಹೊರಲು ಬಂಡಿಯ ಗಾಲಿಯ ಕಬ್ಬಿಣದ ಪಟ್ಟಿ ಕತ್ತರಿಸಿ ಮಾಡಿದ ಮೊದಲನೆಯ ಆಸರೆ ಎರಡೇ ದಿನದಲ್ಲಿ ಸೀಳಿತು. ಎರಡನೆಯದಕ್ಕೆ ಎರಡು ಪಟ್ಟಿ ಕೂಡಿಸಿ ಬೆಸುಗೆ ಹಾಕಿಸಿದೆವು. ಎಂಜಿನ್ನಿನಿಂದ ಒಂದು ತಾಮ್ರದ ಕೊಳವೆಯಲ್ಲಿ ಕಂಪ್ರೆಸರಿಗೆ ಎಣ್ಣೆ ತಂದೆವು. ಟ್ಯಾಂಕಿಗೆ, ಗಾಳಿ ಮಿತಿಮೀರಿದರೆ ತಾನೇ ಹೊರಬಿಡುವ ಸೇಫ್ಟಿ ವಾಲ್ವ್ ಬೇಕೇಬೇಕೆಂದು ನಾನು ಹಟ ಹಿಡಿದೆ.

“ಸೀಟಿನ ಕೆಳಗ ಬಾಂಬ್ ಇಟ್ಕೊಂಡು ತಿರಗ್ತೀರೇನು?”

“ಆ ಸೀಟಿನ ಮ್ಯಾಲ ಡಾಕ್ಟರ್ ಸಾಹೇಬ್ರು ಕೂಡ್ತಾರ್ರಿ, ನಿಮ್ಮಪ್ಪ ಅಲ್ಲ,” ಎಂದ ಉಸ್ತಾದ್. ಆದರೂ ವಾಲ್ವ್ ಹುಡುಕಿ ತಂದ.

ಸರ್ಕಾರಿ ಗಾಡಿಗೆ ಕೂಡಿಸಿದ್ದೆಲ್ಲ ಗಾಡಿಯ ಪುಸ್ತಕದಲ್ಲಿ ಬರೆಯಬೇಕು, ಬರೆದ ಮೇಲೆ ಅದು ಸರ್ಕಾರದ್ದು. ಅದು ಅಪ್ಪನ ಕಟ್ಟುನಿಟ್ಟು. ಅಲ್ಲಿಯವರೆಗೆ ಉರ್ದುವಿನಲ್ಲಿದ್ದ ಆ ಪುಸ್ತಕದಲ್ಲಿ ಮೊದಲ ಕನ್ನಡದ ಸಾಲು ನನ್ನದು. ಕಾರಣ ಎಂಬಲ್ಲಿ ‘ರಸ್ತೆ ಕೆಟ್ಟಿರುವುದರಿಂದ’ ಎಂದು ಬರೆದೆ.

ಮೊದಲ ಸಲ ನಾಲ್ಕೂ ಟೈರು ತುಂಬಿದ ದಿನ ಅಪ್ಪ ಎಡಗೈಯಲ್ಲಿ ಪೈಪು ಹಿಡಿದು ಹಾಡಿದ ಎಂದು ನನ್ನ ನೆನಪು. ಅಪ್ಪ ಹಾಡುವವನಲ್ಲ. ದಿನಚರಿಯಲ್ಲಿ ಹಾಡಿನ ಮಾತಿಲ್ಲ. ‘ವಾಲ್ವ್ ಸರಿ’ ಎಂದಷ್ಟೇ ಇದೆ.

ರಾಜ್ಯ ಸೇರಿ ಎರಡು ತಿಂಗಳಿಗೆ, ನಾನು ಮತ್ತೆ ರಜೆಯಲ್ಲಿದ್ದಾಗ, ಗುಲ್ಬರ್ಗದಿಂದ ಹೊಸ ಸಾಹೇಬರು ತಪಾಸಣೆಗೆ ಬಂದರು. ಮೈಸೂರು ಕಡೆಯವರು, ಮೆತ್ತಗಿನ ಮಾತಿನವರು. ಎಕಂಬಾದಲ್ಲಿ ಕುರಿಗಳಿಗೆ ಬೇನೆ ಬಿದ್ದಿತ್ತು. ಅದನ್ನು ನೋಡುತ್ತೇನೆ ಎಂದರು. ಅಪ್ಪನ ಕನ್ನಡ ಅವರಿಗೆ ತಿಳಿಯಲಿಕ್ಕಿಲ್ಲ ಎಂದು ನನ್ನನ್ನೂ ಹಿಂದೆ ಕೂಡಿಸಿಕೊಂಡರು. ಹಿಂದಿನ ದಿನ ಅಕಾಲದ ಮಳೆ ಬಿದ್ದಿತ್ತು. ಅಪ್ಪ ಗಾಳಿ ಇಳಿಸಿ ಕೆಸರಿಗಿಳಿದ, ಕುರಿದೊಡ್ಡಿಯ ತನಕ ಒಯ್ದ, ತಿರುಗಿ ತಂದ. ರಸ್ತೆಗೆ ಬಂದು ಪೈಪು ಹಚ್ಚಿದ. ಸಾಹೇಬರು ಫ್ಲಾಸ್ಕಿನ ಒಂದು ಲೋಟ ಕಾಫಿ ಮುಗಿಸುವುದರೊಳಗೆ ನಾಲ್ಕೂ ಟೈರು ಗಟ್ಟಿಯಾದವು.

“ಯಾರ್ರೀ ಮಾಡಿದ್ದು ಇದನ್ನ? ಬಹಳ ಚೆನ್ನಾಗಿದೆಯಲ್ರೀ! ನಮ್ಮಲ್ಲಿ ಎಲ್ಲೂ ನೋಡಿಲ್ಲ.”

ಅಪ್ಪ ಎಡಗೈಯನ್ನು ಹಣೆಗೆ ಮುಟ್ಟಿಸಿದ. ಬಲಗೈ ಮುಟ್ಟಿಸಬೇಕಿತ್ತು. ಸಾಹೇಬರು ಗಮನಿಸಲಿಲ್ಲ.

“ತಮ್ದೇ ಅದರಿ, ಹುಜೂರ್,” ಎಂದ ಅಪ್ಪ.

ನಮ್ಮ ಕಡೆಯ ರೀತಿ ಅದು. ದೊಡ್ಡವರು ನಿಮ್ಮ ಶಾಲು, ನಿಮ್ಮ ಎತ್ತು, ಏನನ್ನು ಹೊಗಳಿದರೂ ‘ತಮ್ಮದೇ’ ಎನ್ನಬೇಕು. ಅವರು ‘ನಿಮಗೇ ಮುಬಾರಕ್’ ಎಂದು ತಿರುಗಿ ಕೊಡಬೇಕು. ನಿಜಾಮನ ಕಾಲದಿಂದ ಬೀದರಿನಲ್ಲಿ ಹೀಗೆ ಕೊಟ್ಟದ್ದು ಒಂದೂ ಕೈಬಿಟ್ಟು ಹೋಗಿರಲಿಲ್ಲ. ಸಾಹೇಬರು, “ಸಂತೋಷ,” ಎಂದರು. ಲೋಟ ತೊಳೆಯಲು ನನ್ನ ಕೈಗೆ ಕೊಟ್ಟರು.

ಎಂಟು ದಿನಕ್ಕೆ ಆಜ್ಞೆ ಬಂತು. ಜೀಪು ಗುಲ್ಬರ್ಗದ ದೊಡ್ಡ ಕಚೇರಿಗೆ. ಅದರ ಬದಲು ಅಲ್ಲಿಯ ಇನ್ನೊಂದು ಜೀಪು ಬೀದರಿಗೆ. ಅಪ್ಪನ ಆ ಒಂದು ಮಾತಿನಿಂದಲೇ ಹೀಗಾಯಿತೆಂದು ವರ್ಷಗಟ್ಟಲೆ ತಿಳಿದಿದ್ದೆ. ಈಗ ಹಾಗೆನಿಸುವುದಿಲ್ಲ. ಒಳ್ಳೆಯ ಗಾಡಿ ಕಂಡಿತು, ಕರೆಸಿಕೊಂಡರು. ಅಪ್ಪ ಏನೂ ಅನ್ನದಿದ್ದರೂ ಕರೆಸಿಕೊಳ್ಳುತ್ತಿದ್ದರು. ಆದರೆ ನಾನು ಅಲ್ಲಿಯೇ ನಿಂತಿದ್ದೆ, ಅವರಿಗೆ ತಿಳಿಯುವ ಕನ್ನಡ ನನಗೆ ಬರುತ್ತಿತ್ತು. ‘ಇದಿಲ್ಲದೆ ಇವರಿಗೆ ನಡೆಯುವುದಿಲ್ಲ’ ಎಂದಿದ್ದರೆ ‘ಯಾಕೆ’ ಎನ್ನುತ್ತಿದ್ದರು. ಆ ಯಾಕೆಗೆ ಉತ್ತರ ಕೊಟ್ಟರೆ ಜೀಪು ಉಳಿಯುತ್ತಿತ್ತೇನೋ, ಡ್ರೈವರ್ ಉಳಿಯುತ್ತಿರಲಿಲ್ಲ.

“ಒಂದ್ ತಾಸಿನಾಗ ಬಿಚ್ಚಿ ಕೊಡ್ತೇನಿ. ಮಷೀನಿಲ್ದ ಜೀಪ್ ಒಯ್ಯಲಿ,” ಎಂದ ಉಸ್ತಾದ್.

“ಪುಸ್ತಕದಾಗ ಬರದದ.”

“ಪುಸ್ತಕ ಬರದಂವ ನಿನ್ನ ಮಗ. ಹೊಡೀಲಿ ಆ ಸಾಲಿನ ಮ್ಯಾಲ ಒಂದ್ ಗೆರಿ.”

“ಗೆರಿ ಹೊಡದ್ರ ಯಾಕ ಹೊಡದ್ರಿ ಅಂತ ಕೇಳ್ತಾರ,” ಎಂದ ಅಪ್ಪ. ನನ್ನ ಕಡೆ ನೋಡಲಿಲ್ಲ. “ಒಂದು ಅರ್ಜಿ ಬರೀಪಾ. ಜೀಪ್ ಇಲ್ಲೇ ಇರಲಿ ಅಂತ.”

“ಕಾರಣ ಏನಂತ ಬರೀಲಿ?”

“ರಸ್ತಾ ಖರಾಬ್ ಅದ ಅಂತ ಬರಿ.”

ಬರೆದೆ. ಒಳ್ಳೆಯ ಕನ್ನಡದಲ್ಲಿಯೇ ಬರೆದೆ. ಉತ್ತರ ಬರಲಿಲ್ಲ. ಅಪ್ಪ ತಾನೇ ಗುಲ್ಬರ್ಗಕ್ಕೆ ಒಯ್ದು ಒಪ್ಪಿಸಿ ಬಂದ. ಬದಲಿಗೆ ತಂದ ಜೀಪಿನ ಹಿಂದಿನ ಸೀಟಿಗೆ ಹಗ್ಗದಿಂದ ಒಂದು ಕೈಪಂಪು ಕಟ್ಟಿತ್ತು.

ಮುಂದಿನದು ನನಗೆ ಕಣ್ಣಾರೆ ಕಂಡಂತೆಯೇ ಕಾಣುತ್ತದೆ. ಭಾಲ್ಕಿಯಿಂದ ಮೆಹಕರಕ್ಕೆ ಹೋಗುವ ದಾರಿ, ಜಾಲಿಮುಳ್ಳು, ಇಳಿದ ಟೈರು. ಹೊಸ ಡಾಕ್ಟರರು ಬೇಲಿಯ ನೆರಳಿನಲ್ಲಿ ನಿಂತಿದ್ದಾರೆ. ಅಪ್ಪ ಎಡಗೈಯೊಂದರಿಂದ ಪಂಪು ಒತ್ತುತ್ತಾನೆ, ಪಂಪು ವಾಲುತ್ತದೆ, ಮತ್ತೆ ನಿಲ್ಲಿಸುತ್ತಾನೆ. “ಇನ್ನೊಂದು ಕೈ ಹಚ್ರಿ,” ಎನ್ನುತ್ತಾರೆ ಡಾಕ್ಟರರು. ಅಪ್ಪ ಹಚ್ಚಲು ನೋಡುತ್ತಾನೆ. ಆದರೆ ಆ ದಿನ ನಾನು ಹೈದರಾಬಾದಿನಲ್ಲಿದ್ದೆ. ಇದನ್ನು ನನಗೆ ಯಾರು ಹೇಳಿದರೆಂಬುದೂ ನೆನಪಿಲ್ಲ. ಅಪ್ಪನಂತೂ ಹೇಳಿಲ್ಲ. ನನಗೆ ಖಚಿತವಾಗಿ ಗೊತ್ತಿರುವುದು ಇಷ್ಟೆ: ಆಮೇಲೆ ಅಪ್ಪನನ್ನು ವೈದ್ಯಕೀಯ ತಪಾಸಣೆಗೆ ಕಳಿಸಿದರು, ಗೋಡೆಗೆ ನಿಲ್ಲಿಸಿ ಕೈ ಎತ್ತಲು ಹೇಳಿದರು, ಮಳೆಗಾಲಕ್ಕೆ ಮುಂಚೆ ಅಪ್ಪ ಮನೆಯಲ್ಲಿದ್ದ.

ಎರಡು ವರ್ಷದ ಮೇಲೆ ನೌಕರಿಯೊಂದರ ಸಂದರ್ಶನಕ್ಕೆ ಗುಲ್ಬರ್ಗಕ್ಕೆ ಹೋದಾಗ ಆ ಕಚೇರಿಯ ಅಂಗಳದೊಳಗೆ ಹೊಕ್ಕು ನೋಡಿದೆ. ನಮ್ಮ ಜೀಪು ಬೇವಿನ ಕೆಳಗೆ ನಿಂತಿತ್ತು. ಬಾನೆಟ್ ಎತ್ತಿದ ಡ್ರೈವರ್ ನಾನು ಕೇಳಿದ್ದಕ್ಕೆಲ್ಲ ಒಳ್ಳೆಯ ಮಾತಿನಲ್ಲಿ ಹೇಳಿದ. ಕಂಪ್ರೆಸರನ್ನು ಬಂದ ವರ್ಷವೇ ಬಿಚ್ಚಿದ್ದರು. ಸಾಹೇಬರ ಓಡಾಟವೆಲ್ಲ ಡಾಂಬರು ರಸ್ತೆಯಲ್ಲಿ. ಗಾಳಿ ಇಳಿಸುವ ಪ್ರಸಂಗವೇ ಇರಲಿಲ್ಲ, ಬೆಲ್ಟು ಸುಮ್ಮನೆ ಸವೆಯುತ್ತಿತ್ತು. ನಮ್ಮ ಎರಡು ಪಟ್ಟಿಯ ಆಸರೆ ಮಾತ್ರ ಎಂಜಿನ್ನಿನ ಪಕ್ಕ ಹಾಗೆಯೇ ಇತ್ತು.

ಮನೆಗೆ ಬಂದ ದಿನ ಅಪ್ಪ ಸಂದರ್ಶನದ ಮಾತು ಕೇಳಲಿಲ್ಲ.

“ಜೀಪ್ ನೋಡ್ದಿ?”

“ನೋಡ್ದೆ.”

“ಹವಾ ಹಿಡೀತದೇನು?”

“ಹಿಡೀತದ,” ಎಂದೆ.

ಅಪ್ಪ ತಲೆಯಾಡಿಸಿದ. ನಂಬಿದನೋ ಇಲ್ಲವೋ ತಿಳಿಯಲಿಲ್ಲ. ಆ ದಿನದ ದಿನಚರಿ ನನ್ನ ಮುಂದಿದೆ. ಸಂದರ್ಶನದಲ್ಲಿ ಕೇಳಿದ ಪ್ರಶ್ನೆಗಳನ್ನು ಒಂದೂ ಬಿಡದೆ ಬರೆದಿದ್ದೇನೆ.